ಕೆಮ್ಮಿನಮ್ಮ ಹಿಡಿದ ದಿಂಬು

ಪೆರೆಸ್ ಮುದುಕಿ ತೀರಿಕೊಂಡ ಸುದ್ದಿ ಸರೋವರದ ದಡದ ಕಿಸುಮು ಪಟ್ಟಣದ ಆಸ್ಪತ್ರೆಗೆ ಮುಟ್ಟಿದಾಗ ನೀರಿನ ಮೇಲೆ ಆಗಷ್ಟೇ ಬೆಳಕು ಹರಿಯುತ್ತಿದೆ. ಒಳಗೆ ಕಾನ್ಸೊಲಾಟಾ ಔಮಾ ಮುಖಗವಸು ಕಟ್ಟಿಕೊಂಡು, ಮುದುಕಿಯ ಮಗಳು ರಿಸ್ಪಾಳ ಬೆನ್ನಿಗೆ ಸ್ಟೆತೊಸ್ಕೋಪ್ ಇಟ್ಟು ಆಲಿಸುತ್ತಿದ್ದಾರೆ. ರಿಸ್ಪಾಳ ತಮ್ಮ ಒಡೇರಾ ಕೊಟ್ಟ ಮೂತ್ರಪಿಂಡವೇನೋ ಅವಳಿಗೆ ಒಗ್ಗಿದೆ. ಆದರೆ ಶ್ವಾಸಕೋಶದ ತಳದಲ್ಲಿ ಗಾಳಿಯಾಡುತ್ತಿಲ್ಲ, ಕಫ ಕಟ್ಟಿದೆ. ಹೊಸ ಅಂಗ ಉಳಿಯಲೆಂದು ಕೊಡುವ ಮದ್ದು ಸೋಂಕು ತಡೆಯುವ ಶಕ್ತಿಯನ್ನೂ ಕುಗ್ಗಿಸುತ್ತದೆ. ಕಫ ಹೊರಬೀಳದಿದ್ದರೆ ಜೀವಕ್ಕೇ ಸಂಚಕಾರ.

ರಿಸ್ಪಾ ಮಾತ್ರ ಕೆಮ್ಮಲೊಲ್ಲಳು. ಜೋರಾಗಿ ಉಸಿರೆಳೆದರೆ ತಮ್ಮನ ಮೂತ್ರಪಿಂಡ ಜಾರಿಬೀಳುತ್ತದೆಂದು ಯಾರೋ ಹೆದರಿಸಿದ್ದಾರೆ.

“ದಡದಲ್ಲಿ ಮೀನು ಮಾರುವಾಗ ಊರಿಗೆಲ್ಲ ಕೇಳೋ ಗಂಟಲು ನಿಂದು. ಈಗೇನು, ಬೆಕ್ಕಿನ ಮರಿ ಕೆಮ್ಮಿದ ಹಾಗೆ?” ಎಂದು ಔಮಾ ಛೇಡಿಸುತ್ತಾರೆ.

“ಬೆಕ್ಕಿನ ಹೊಟ್ಟೇಲಿ ಹೊಲಿಗೆ ಇರಲ್ವಲ್ಲ ಅಕ್ಕ.”

ಶಸ್ತ್ರಚಿಕಿತ್ಸೆ ಮಾಡಿದವರ ಹೆಸರು ಊರಿಗೆಲ್ಲ ಗೊತ್ತು. ಆಮೇಲೆ ಉಸಿರಾಟ ಕಲಿಸುವ ಔಮಾ ಅವರನ್ನು ರೋಗಿಗಳು ಕರೆಯುವುದು ‘ಕೆಮ್ಮಿನಮ್ಮ’ ಎಂದು. ಗಂಡ ಹೋದ ಮೇಲೆ ಬಸ್ ನಿಲ್ದಾಣದಲ್ಲಿ ಮಂದಾಜಿ ಎಂಬ ಸಿಹಿ ಬೋಂಡಾ ಕರಿದು ಮಾರುತ್ತಲೇ ಓದಿದವರು. “ರೋಗಿಗಳಿಗೆ ನನ್ನ ಕಂಡ್ರೆ ಸಿಟ್ಟು. ನೋವಲ್ಲಿ ಇರೋರನ್ನ ಎಬ್ಬಿಸಿ ಕೂರಿಸ್ತೀನಲ್ಲ,” ಎಂದು ನಗುತ್ತಾರೆ.

ಹೊರಗೆ ರಿಸ್ಪಾಳ ಚಿಕ್ಕಪ್ಪ ಒಕೆಲೊ ಗೋಡೆಗೊರಗಿ ನಿಂತಿದ್ದಾರೆ. ಹೆತ್ತವಳು ಸತ್ತರೆ ಮಗಳು ಗಂಟಲು ಬಿಚ್ಚಿ ಗೋಳಿಡಲೇಬೇಕು, ಗೋಳಿಟ್ಟರೆ ಹೊಲಿಗೆ ಬಿಚ್ಚೀತು. ಆದ್ದರಿಂದ ಮಣ್ಣಾಗುವವರೆಗೂ ಸುದ್ದಿ ಮುಚ್ಚಿಡೋಣವೆಂದು ಅವರ ವಾದ. ಹೊರಬಂದು ಇದನ್ನು ಕೇಳಿದ ಔಮಾಗೆ ಹೊಳೆಯುತ್ತದೆ: ತಾವು ಬೇಡಿ ಬೇಡಿ ಸೋತ ಉಸಿರು ಆ ಗೋಳಿನಲ್ಲೇ ಇದೆ. ಹೊಲಿಗೆಗೆ ದಿಂಬು ಒತ್ತಿ ಹಿಡಿದು ಅವಳನ್ನು ಅಳಲು ಬಿಡಬಹುದೇ ಎಂದು ವೈದ್ಯರನ್ನು ಕೇಳಿ ಒಪ್ಪಿಗೆ ಪಡೆದು ಬರುತ್ತಾರೆ.

“ಸುದ್ದಿ ನೀವು ಹೇಳಿ ಯಜಮಾನ್ರೇ. ದಿಂಬು ನಾನು ಹಿಡೀತೀನಿ.”

ಒಕೆಲೊ ಹೇಳುತ್ತಾರೆ. ರಿಸ್ಪಾ ಹೊಲಿಗೆಯ ಮೇಲೆ ಕೈಯಿಟ್ಟು ಗೋಳನ್ನು ತಡೆಹಿಡಿಯುತ್ತಾಳೆ. ಔಮಾ ಮಡಿಚಿದ ದಿಂಬನ್ನು ಅವಳ ಗಾಯಕ್ಕೆ ಎರಡೂ ಕೈಯಿಂದ ಒತ್ತಿ ಹಿಡಿಯುತ್ತಾರೆ.

“ಇದು ನಿಮ್ಮವ್ವನಿಗೆ ಸಲ್ಲಬೇಕಾದ ಅಳು, ರಿಸ್ಪಾ. ಹೊಟ್ಟೆತುಂಬ ಉಸಿರು ತಗೊಂಡು ಅಳು. ಏನೂ ಜಾರಲ್ಲ, ನಾನು ಹಿಡ್ಕೊಂಡಿದೀನಿ.”

ಗೋಳು ಏಳುತ್ತದೆ. ಬಾಗಿಲಾಚೆ ನರ್ಸುಗಳೂ ದನಿಗೂಡಿಸುತ್ತಾರೆ. ಮತ್ತೆ ಉಸಿರು, ಮತ್ತೆ ಗೋಳು. ಕೊನೆಗೆ ಅದು ಕೆಮ್ಮಾಗಿ ಒಡೆದು, ಕಟ್ಟಿದ್ದ ಕಫ ಕಿತ್ತು ಬರುತ್ತದೆ. ಅಂದಿನಿಂದ ರಿಸ್ಪಾ ತಾನೇ ದಿಂಬು ಅಪ್ಪಿಕೊಂಡು ಕೆಮ್ಮುತ್ತಾಳೆ. ಕೆಲ ದಿನಗಳಲ್ಲಿ ಎದೆ ತಿಳಿಯಾಗಿ, ತಮ್ಮನ ಕೈ ಹಿಡಿದು ಮನೆಗೆ ಹೊರಡುತ್ತಾಳೆ.

ಉಡುಗೊರೆಯಾಗಿ ಏನು ಬೇಕೆಂದು ಮನೆಯವರು ಕೇಳಿದರೆ ಔಮಾ, “ಗಟ್ಟಿ ದಿಂಬು ಕೊಡಿಸಿ ಸಾಕು. ಇಲ್ಲಿರೋವೆಲ್ಲ ಚಪಾತಿ ಆಗಿವೆ,” ಎನ್ನುತ್ತಾರೆ.

ದಿನವೂ ಬೆಳಗ್ಗೆ ವಾರ್ಡಿನ ಬಾಗಿಲಲ್ಲಿ ನಿಂತು ಅವರು ಮಾಡುವ ಪ್ರಾರ್ಥನೆಯಲ್ಲಿ ಈಗ ಒಂದು ಹೆಸರು ಹೆಚ್ಚಾಗಿದೆ. “ಸ್ವಾಮಿ, ಪೆರೆಸ್ ಹೋಗ್ತಾ ಹೋಗ್ತಾ ಮಗಳಿಗೆ ಉಸಿರು ಕೊಟ್ಟು ಹೋದಳು. ಅವಳ ಆತ್ಮಕ್ಕೆ ನಿನ್ನ ಹತ್ರ ಶಾಂತಿ ಸಿಗಲಿ.”