ಖಾಲಿ ಹೊಲದಲ್ಲಿ ಕಂಡ ಕಪ್ಪು

ಶಕುನ, ಗಾಳಿ ಸೋಕು, ಮುಂದಾಗುವುದು ಮೊದಲೇ ಕಾಣುವುದು, ಇಂಥವನ್ನೆಲ್ಲ ನಾನು ನಂಬಿದವಳಲ್ಲ. ದೇವರನ್ನು ನಂಬಿದ ಮೇಲೆ ಬೆಕ್ಕು ಅಡ್ಡ ಬಂದರೇನು, ಗೂಬೆ ಕೂಗಿದರೇನು ಎಂದು ತವರಿನಲ್ಲಿ ಅಪ್ಪ ಹೇಳಿಕೊಟ್ಟಿದ್ದರು. ಪಿರಿಯಾಪಟ್ಟಣದ ಮಸಣಿಕಮ್ಮನಿಗೆ ಕೈಮುಗಿದು ಒಲೆ ಹಚ್ಚಿ, ಹಾಲು ಒಡೆಯದಿದ್ದರೆ ಅದೂ ಅವಳ ಕೃಪೆಯೇ ಎಂದುಕೊಂಡು ದಿನ ಕಳೆಯುವವಳು ನಾನು. ಈಗಲೂ ಹಾಗೆಯೇ ಇದ್ದೇನೆ. ಆದರೆ ಒಂದು ಮಧ್ಯಾಹ್ನ ನನ್ನ ಕಣ್ಣಿಗೆ ಕಂಡದ್ದನ್ನು ಏನೆಂದು ಕರೆಯಬೇಕೋ ಇಂದಿಗೂ ಗೊತ್ತಾಗಿಲ್ಲ. ನೀವು ನಂಬಲೇಬೇಕೆಂದೇನೂ ಇಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಕ್ಕುಬಿಡುತ್ತಿದ್ದೆ.

ಗುರುಪುರದ ಆಚೆ ನಮ್ಮೂರು. ಮಳೆಗಾಲದಲ್ಲಿ ಹೊಗೆಸೊಪ್ಪು, ಆಮೇಲೆ ರಾಗಿ. ನಮ್ಮ ಯಜಮಾನರ ತಮ್ಮ ಕುಮಾರ ಬ್ಯಾರನ್ನಿನಲ್ಲಿ, ಎಂದರೆ ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಒಣಗಿಸುವ ಮನೆಯಲ್ಲಿ, ಸೊಪ್ಪು ಬೇಯಿಸುವುದರಲ್ಲಿ ಪಳಗಿದ ಕೈ. ಯಾವಾಗ ಬೆಂಕಿ ಏರಿಸಬೇಕು, ಯಾವಾಗ ಇಳಿಸಬೇಕು ಎಂಬುದು ಅವನಿಗೆ ಸೊಪ್ಪಿನ ವಾಸನೆಯಲ್ಲೇ ತಿಳಿಯುತ್ತಿತ್ತು. ನಾನು ಮದುವೆಯಾಗಿ ಬಂದಾಗ ಇನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದವನು. ನಾನೇ ಉಣ್ಣಿಸಿ ಬೆಳೆಸಿದ ಹುಡುಗ ಎಂದರೂ ತಪ್ಪಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಹುಣಸೂರಿನ ಸೊಪ್ಪಿನ ವ್ಯಾಪಾರಿಯೊಬ್ಬರ ಪರಿಚಯದಿಂದ ಅವನಿಗೆ ಆಫ್ರಿಕಾದ ಟಾಂಜಾನಿಯಾದಲ್ಲಿ ಒಂದು ತಂಬಾಕು ಎಸ್ಟೇಟಿನಲ್ಲಿ ಕೆಲಸ ಸಿಕ್ಕಿತು.

ಹೋಗುವಾಗ ಬರೀ ಬ್ಯಾರನ್ ಕೆಲಸ ಎಂದಿದ್ದರು. ಅಲ್ಲಿಗೆ ಹೋದ ಮೇಲೆ ಕೈಗೆ ಬಂದೂಕೂ ಬಂತು. ಬ್ಯಾರನ್ನಿಗೆ ಸೌದೆ ಕಡಿಯುವವರು ಕಾಡಿಗೆ ಹೋದರೆ ಕಾಡೆಮ್ಮೆಗಳ ಕಾಟ. ಅಲ್ಲಿಯ ಕಾಡೆಮ್ಮೆ ಗಾಯವಾದರೆ ಓಡಿ ಹೋಗುವುದಿಲ್ಲವಂತೆ, ಪೊದೆಯಲ್ಲಿ ಕಾದು ನಿಂತು ಮನುಷ್ಯನ ಮೇಲೆ ಬರುತ್ತದಂತೆ. ಕೂಲಿಯವರ ಊಟಕ್ಕೂ ಎಸ್ಟೇಟಿನವರು ಅದನ್ನೇ ಹೊಡೆಯುತ್ತಿದ್ದರು. ಈ ಕೆಲಸಕ್ಕೆ ಇಬ್ಬರಿದ್ದರು. ಒಬ್ಬ ನಮ್ಮ ಕುಮಾರ, ಇನ್ನೊಬ್ಬ ಆ ಊರಿನವನೇ ಆದ ಜೋಸೆಫ್. ಒಂದೇ ತಟ್ಟೆಯಲ್ಲಿ ಉಣ್ಣುವಷ್ಟು ಸ್ನೇಹ ಎಂದು ಕುಮಾರ ಹೇಳುತ್ತಿದ್ದ.

ಶ್ರಾವಣದಲ್ಲಿ ಅವನು ರಜೆಗೆ ಬಂದ. ಬರುವ ದಾರಿಯಲ್ಲಿ ನೈರೋಬಿಯ ಅಂಗಡಿಯಲ್ಲಿ ಎಸ್ಟೇಟಿನ ಲೆಕ್ಕಕ್ಕೆ ಬಂದೂಕಿನ ಮೇಲೆ ಕೂರಿಸುವ ದುರ್ಬೀನು ಎರಡು ಕೊಂಡಿದ್ದ. ಒಂದು ದೊಡ್ಡದು, ನಮ್ಮ ಒಲೆಯ ಊದುಗೊಳವೆಗಿಂತ ದಪ್ಪ. ಇನ್ನೊಂದು ಗಿಡ್ಡ. ಬಂದೂಕುಗಳು ಎಸ್ಟೇಟಿನಲ್ಲೇ ಇದ್ದವು. ಎರಡನ್ನೂ ನೋಡಿ ತನಗೆ ಬೇಕಾದದ್ದನ್ನು ಇವನು ಇಟ್ಟುಕೊಳ್ಳುವುದು, ಮಿಕ್ಕದ್ದು ಜೋಸೆಫನಿಗೆ ಎಂದು ಮಾತಾಗಿತ್ತಂತೆ.

ಅವತ್ತು ನಾವು ಹೆಂಗಸರು ಬ್ಯಾರನ್ನಿನ ಮುಂದೆ ಕೂತು ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದೆವು. ಕುಮಾರ ದುರ್ಬೀನುಗಳನ್ನು ತಂದು ಗೋಣಿಚೀಲದ ಮೇಲೆ ಇಟ್ಟ.

"ಎಮ್ಮೆ ಒಡಿಯಾಕೆ ಅಷ್ಟು ದೂರ ಓಗ್ಬೇಕಾಗಿತ್ತೇನ್ಲಾ ಮಗ?" ಎಂದರು ನಮ್ಮ ಅತ್ತೆ. "ನಮ್ಮ ಕೊಟ್ಟಿಗೇಲಿರಾದು ದಿನಾ ಒದೀತದೆ, ಅದ್ಕೊಂದು ದುರ್ಬೀನು ಇಟ್ಟು ನೋಡು."

ಎಲ್ಲರೂ ನಕ್ಕರು. ಯಜಮಾನರು ಎರಡನ್ನೂ ಕೈಯಲ್ಲಿ ತೂಗಿ ನೋಡಿ, "ದೊಡ್ಡದೇ ಮಡಿಕೊಳ್ಳೋ. ಈ ಗಿಡ್ಡದ್ರಲ್ಲಿ ಏನೈತೆ? ಬರಿಗಣ್ಣಲ್ಲಿ ಕಂಡಷ್ಟೇ ಕಾಣ್ತದೆ" ಎಂದರು. ಕುಮಾರನ ಮನಸ್ಸೂ ಅದರ ಮೇಲೇ ಇತ್ತು. "ಊಂಕಣಣ್ಣ, ದೂರದಲ್ಲೇ ಒಡ್ದಾಕುಬುಟ್ರೆ ಅದು ಅತ್ರ ಬರಾ ಮಾತೆಲ್ಲಿ" ಎಂದವನು, "ಅತ್ಗೆ, ನೀವೂ ಒಂದ್ಸಲ ನೋಡಿ. ಕಣ್ಣಿಗೆ ಅಂಟಿಸ್ಬೇಡಿ, ನಾಕು ಬೆರಳು ದೂರ ಇಡೀರಿ" ಎಂದು ದೊಡ್ಡದನ್ನು ನನ್ನ ಕೈಗೆ ಕೊಟ್ಟ.

ಸೊಪ್ಪಿನ ಅಂಟು ಹತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಿಡಿದೆ. ಕೆಳಗಿನ ಹೊಲದ ಕಡೆ ತಿರುಗಿಸಿದೆ. ಸೊಪ್ಪು ಮುರಿದು ಬರೀ ದಂಟು ನಿಂತಿದ್ದ ಹೊಲ. ಮೊದಲು ದಂಟು ಕಂಡವು, ಆಮೇಲೆ ಬದು. ಗಾಜಿನೊಳಗೆ ಗುರಿ ಹಿಡಿಯಲು ಕೂದಲೆಳೆಯಂಥ ಎರಡು ಗೆರೆ ಒಂದನ್ನೊಂದು ಅಡ್ಡ ಹಾಯ್ದಿದ್ದವು. ಕೈ ಸ್ವಲ್ಪ ಬಲಕ್ಕೆ ಸರಿಸಿದೆ. ಇದ್ದಕ್ಕಿದ್ದಂತೆ ಗಾಜಿನ ತುಂಬ ಕಪ್ಪು. ಕತ್ತಲೆಯಂಥ ಕಪ್ಪಲ್ಲ, ಚರ್ಮ. ಒರಟು ಕೂದಲು, ಕೂದಲಿಗೆ ಮೆತ್ತಿ ಒಣಗಿ ಬಿರುಕು ಬಿಟ್ಟ ಕೆಸರು. ಅದು ಉಸಿರಾಡುವ ಹಾಗೆ ಏರಿ ಇಳಿಯುತ್ತಿತ್ತು. ಆ ಎರಡು ಗೆರೆಗಳೂ ಅದರೊಳಗೆ ಮುಳುಗಿ ಎಲ್ಲಿವೆಯೋ ಕಾಣಲಿಲ್ಲ. ತಲೆ ಯಾವುದು, ಹೊಟ್ಟೆ ಯಾವುದು, ಒಂದೂ ತಿಳಿಯಲಿಲ್ಲ. ನನ್ನ ಮೇಲೇ ಬಂತು ಅನ್ನಿಸಿ, "ಬರೀ ಕಪ್ಪು! ಬರೀ ಕಪ್ಪು ಕಾಣ್ತದೆ!" ಎಂದು ಕೂಗಿಕೊಂಡೆ.

ಮುಚ್ಚಿದ್ದ ಇನ್ನೊಂದು ಕಣ್ಣು ಬಿಟ್ಟರೆ ಖಾಲಿ ಹೊಲ, ಬಿಸಿಲು.

"ರೆಪ್ಪೆ ಅಡ್ಡ ಬಂದಿರ್ತದೆ ಬುಡು" ಎಂದರು ಯಜಮಾನರು. ಯಾರದಾದರೂ ಎಮ್ಮೆ ನುಗ್ಗಿರಬೇಕೆಂದು ಕುಮಾರ ಹೊಲಕ್ಕೇ ಇಳಿದು ಹೋಗಿ ನೋಡಿ ಬಂದ. ಹಿಂದಿನ ದಿನ ಮಳೆಯಾಗಿ ನೆಲ ಮೆತ್ತಗಿತ್ತು. ಒಂದು ಗೊರಸಿನ ಗುರುತೂ ಇರಲಿಲ್ಲ. ನಾನು ಮತ್ತೆ ಅದರಲ್ಲಿ ನೋಡಿದೆ, ದಂಟು ಮಾತ್ರ ಕಂಡವು. ಗಿಡ್ಡದರಲ್ಲೂ ನೋಡಿದೆ, ಅಷ್ಟೇ.

"ಅತ್ಗೆ ಎಮ್ಮೆ ಇಲ್ದೇನೆ ಎದುರ್ಕೊಂಡ್ರು ಕಣವ್ವ" ಎಂದು ಕುಮಾರ ತನ್ನ ತಾಯಿಯ ಮುಂದೆ ನನ್ನನ್ನು ಆಡಿಕೊಂಡ. ನಾನೂ ನಗಲು ನೋಡಿದೆ, ಆಗಲಿಲ್ಲ. ಕೂತು ಸೊಪ್ಪು ಕಟ್ಟುವಾಗಲೂ ಮತ್ತೆ ಮತ್ತೆ ಕೆಳಗಿನ ಹೊಲದ ಕಡೆಗೇ ನೋಡುತ್ತಿದ್ದೆ.

ಮೂರನೆಯ ದಿನ ಅವನಿಗೆ ರೊಟ್ಟಿ ಬಡಿಸುತ್ತಾ ಹೇಳಿಯೇಬಿಟ್ಟೆ. "ಕುಮಾರ, ಆ ದೊಡ್ಡದು ನಿಂಗೆ ಬೇಡ ಕಣಪ್ಪ. ಯಾಕೆ ಅಂತ ನಂಗೂ ಗೊತ್ತಿಲ್ಲ. ಬೇಡ ಅಷ್ಟೇ." ಅವನು ನಕ್ಕ. ನಾನು ಅಳುವುದನ್ನು ನೋಡಿ ನಗು ನಿಲ್ಲಿಸಿದ. ಹೊರಡುವ ದಿನ ಗಿಡ್ಡದನ್ನು ತನ್ನ ಬಟ್ಟೆಯ ನಡುವೆ ಇಟ್ಟುಕೊಂಡು, "ನೋಡಿ ಅತ್ಗೆ, ಇದು ನಂದು. ದೊಡ್ಡದು ಜೋಸೆಫಂಗೆ. ಅವ್ನು ಕುಣಿದಾಡ್ತನೆ" ಎಂದ. ನನ್ನ ಎದೆಯ ಭಾರ ಇಳಿಯಿತು. ಮಸಣಿಕಮ್ಮನಿಗೆ ಕಾಯಿ ಒಡೆಸಿ ಬಂದೆ. ಆಗ ನನ್ನ ಮನಸ್ಸಿನಲ್ಲಿ ಕುಮಾರ ಒಬ್ಬನೇ ಇದ್ದ.

ರಾಗಿ ಕಣ ಮುಗಿದು ಸಂಕ್ರಾಂತಿ ಹತ್ತಿರವಿತ್ತು. ಕುಮಾರನ ಫೋನು ಬಂತು. ಯಜಮಾನರ ಹತ್ತಿರ ಮಾತಾಡಿದ ಮೇಲೆ ನನ್ನನ್ನು ಕೇಳಿದನಂತೆ. ಅವನ ದನಿ ಗುರುತೇ ಸಿಗಲಿಲ್ಲ.

ಹಿಂದಿನ ಸಂಜೆ ಯಾರೋ ಹೊಡೆದು ಗಾಯ ಮಾಡಿ ಬಿಟ್ಟಿದ್ದ ಕಾಡೆಮ್ಮೆಯನ್ನು ಹುಡುಕಿಕೊಂಡು ಇವರಿಬ್ಬರೂ ಹೊಳೆಯ ಜೊಂಡಿಗೆ ಇಳಿದಿದ್ದರು. ಅದು ನಮ್ಮ ನಡುಮನೆಯಷ್ಟು ದೂರದಲ್ಲಿ ಎದ್ದು ಬಂತಂತೆ. ಜೋಸೆಫ್ ಬಂದೂಕು ಎತ್ತಿದ. ಅವನೇ ಮುಂದಿದ್ದ, ಗುರಿಗಾರನೂ ಹೌದು. ಆದರೆ ಗುಂಡು ಹಾರಲಿಲ್ಲ. ಅಷ್ಟು ಹತ್ತಿರ ಬಂದ ಪ್ರಾಣಿ ಆ ದೊಡ್ಡ ದುರ್ಬೀನಿನಲ್ಲಿ ಪ್ರಾಣಿಯಾಗಿ ಕಾಣುವುದಿಲ್ಲವಂತೆ, ಗಾಜಿನ ತುಂಬ ಚರ್ಮ ಮಾತ್ರ. ತಲೆ ಎಲ್ಲಿ ಎಂದು ಹುಡುಕುತ್ತಲೇ ಅವನು ತಮ್ಮ ಭಾಷೆಯಲ್ಲಿ ಕೂಗಿದನಂತೆ. ಗಿಡ್ಡದರಲ್ಲಿ ಕುಮಾರನಿಗೆ ತಲೆ ಕಂಡಿತು, ಹೊಡೆದ. ಅದು ಬಿತ್ತು. ಬೀಳುವ ಮೊದಲೇ ಜೋಸೆಫನನ್ನು ಮುಗಿಸಿತ್ತು.

"ಏನಂತ ಕೂಗ್ದ?" ಎಂದು ಕೇಳಿದೆ. ಕೇಳಬಾರದಿತ್ತು.

"ಬರೀ ಕಪ್ಪು ಅಂತ ಕಣತ್ಗೆ. ನೀವಂದಂಗೇಯ" ಎಂದ.

ಮನೆಯಲ್ಲಿ ಎಲ್ಲರೂ ಅಮ್ಮನೇ ನಿನ್ನ ಕಣ್ಣಲ್ಲಿ ನಿಂತು ನಮ್ಮ ಹುಡುಗನನ್ನು ಉಳಿಸಿದಳು ಎಂದರು. ಅತ್ತೆ ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಇರಬಹುದು. ಆದರೆ ನಾನು ಕಂಡದ್ದು ಕುಮಾರನ ಸಾವೋ, ಜೋಸೆಫನದೋ? ಕುಮಾರನದಾಗಿದ್ದರೆ, ಅದನ್ನು ಎತ್ತಿ ಇನ್ನೊಬ್ಬನ ಬಂದೂಕಿನ ಮೇಲೆ ಇಟ್ಟವಳು ಯಾರು? ಮೊದಲಿನಿಂದಲೂ ಜೋಸೆಫನದೇ ಆಗಿದ್ದರೆ, ಅವನ ಹೆಸರೊಂದು ಬಿಟ್ಟು ಏನೂ ಅರಿಯದ ನನಗೆ ಅದನ್ನೇಕೆ ತೋರಿಸಬೇಕಿತ್ತು? ಅಮ್ಮನ ಗುಡಿಯ ಪೂಜಾರಪ್ಪನನ್ನೂ ಕೇಳಿದೆ. ಜೋಸೆಫನ ಋಣ ಅಷ್ಟೇ ಇತ್ತು ಎಂದರು. ಆ ಮಾತು ನನ್ನ ಹೊಟ್ಟೆಗೆ ಇಳಿಯಲಿಲ್ಲ.

ಮುಂದಿನ ವರ್ಷ ಕುಮಾರ ಆ ಕೆಲಸ ಬಿಟ್ಟು ಬಂದ. ಬರುವ ಮೊದಲು ಜೋಸೆಫನ ಮನೆಗೆ ಹೋಗಿದ್ದನಂತೆ. ಅವನ ತಾಯಿ ಇವನಿಗೆ ಜೋಳದ ಹಿಟ್ಟಿನ ಮುದ್ದೆ ಬಡಿಸಿ, ಮಗನಿಗೆ ಆ ದೊಡ್ಡದನ್ನು ಕೊಟ್ಟವರು ಯಾರು ಎಂದು ಕೇಳಿದಳಂತೆ.

"ಏನಂದೆ?" ಎಂದೆ.

"ಅವ್ನೇ ಇಷ್ಟಪಟ್ಟು ತಗಂಡ ಅಂದೆ."

ಇಷ್ಟು ಹೇಳಿ ಅವನು ಬ್ಯಾರನ್ ಕಡೆ ಎದ್ದು ಹೋದ. ಆಮೇಲೆ ನಮ್ಮಿಬ್ಬರ ನಡುವೆ ಈ ಮಾತು ಬಂದಿಲ್ಲ. ಬೆಳಿಗ್ಗೆ ದೀಪ ಹಚ್ಚುವಾಗ ಮನೆಯವರ ಹೆಸರುಗಳ ಜೊತೆ ನಾನು ಕಾಣದ ಆ ತಾಯಿಯನ್ನೂ ನೆನೆಯುತ್ತೇನೆ. ಅವಳಿಗಾಗಿ ಏನು ಬೇಡಿಕೊಳ್ಳಬೇಕು ಎಂಬುದು ಮಾತ್ರ ನನಗೆ ತಿಳಿಯುವುದಿಲ್ಲ.