ಸೈನಿಕನ ವೇಷದ ಕ್ಷೌರಿಕ

ಆ ಕ್ಷೌರಿಕನನ್ನು ನಾನು ಮೊದಲು ಕಂಡದ್ದು ಚರ್ಚಿನ ಸಭಾಂಗಣದಲ್ಲಿ, ಯೇಸುವಿನ ಶಿಲುಬೆ ಮರಣದ ನಾಟಕದ ತಾಲೀಮಿನಲ್ಲಿ. ಮಾತು ಮರೆತವರಿಗೆ ಪಕ್ಕದಿಂದ ಹೇಳಿಕೊಡುವ ಕೆಲಸ ನನ್ನದು. ಅವನು ಅಂಗಡಿಗೆ ಅರ್ಧ ಬಾಗಿಲು ಹಾಕಿ, ಮೊಣಕೈಗೆ ಸೋಪಿನ ನೊರೆ ಅಂಟಿಸಿಕೊಂಡೇ ಓಡಿ ಬಂದಿದ್ದ. ಆರು ವರ್ಷ ಕಾಡಿ ಬೇಡಿ ಗಿಟ್ಟಿಸಿದ್ದ ಪಾತ್ರ ಅದು, ಯೇಸುವನ್ನು ಅಣಕಿಸುವ ಸೈನಿಕನದು.

ಯೇಸುವಾಗಿ ನಿಂತಿದ್ದ ಬಡಗಿಯ ತಲೆಗೆ ಅವನು ಮುಳ್ಳಿನ ಕಿರೀಟವನ್ನು ಒತ್ತಬೇಕಿತ್ತು. ಅಭ್ಯಾಸಬಲದಿಂದ ಗದ್ದ ಹಿಡಿದೆತ್ತಿ, ಕಿವಿಯ ಮೇಲಿನ ಕೂದಲು ಸರಿಮಾಡಿ, "ಬಿಗಿ ಆಯ್ತಾ ಅಣ್ಣಾ?" ಎಂದುಬಿಟ್ಟ. ಮೊದಲು ನಕ್ಕದ್ದು ಯೇಸುವೇ. ನಾನಂತೂ ಹೊಟ್ಟೆ ಹಿಡಿದುಕೊಂಡು ಪುಸ್ತಕವನ್ನೇ ಬೀಳಿಸಿದೆ.

ಪಾದ್ರಿ ಕೆಂಡಾಮಂಡಲವಾದರು. "ಇದು ನಗೋ ಜಾಗವೇನಯ್ಯಾ? ನಾಳೆಯಿಂದ ನೀನು ಬರ್ಬೇಡ!"

ಅವನ ಮುಖ ಸಪ್ಪಗಾಯಿತು. "ಫಾದರ್, ಆ ಸೈನಿಕರೂ ನಕ್ಕಿದ್ರಲ್ವಾ? 'ರಾಜನೇ, ನಮಸ್ಕಾರ' ಅಂತ ತಮಾಷೆಗೆ ಮಂಡಿ ಊರಿದ್ರು. ಎದುರಿಗಿರೋನು ನಿಜವಾಗ್ಲೂ ರಾಜ ಅಂತ ಅವರಿಗೇನು ಗೊತ್ತು? ಜನಾನೂ ಮೊದ್ಲು ನಗ್ಲಿ. ಆಮೇಲೆ, ಅಯ್ಯೋ, ನಾನೂ ಆ ಗುಂಪಲ್ಲೇ ಇದ್ನಲ್ಲಾ ಅಂತ ಎದೆ ಧಸಕ್ ಅನ್ಲಿ."

"ಇಪ್ಪತ್ತು ವರ್ಷದಿಂದ ನಾನು ಭಾನುವಾರದ ಪ್ರವಚನದಲ್ಲಿ ಹೇಳ್ತಿರೋದೂ ಅದೇ ಕಣಯ್ಯಾ. ಎಲ್ರೂ ಆಕಳಿಸ್ತಾರೆ," ಎಂದರು ಪಾದ್ರಿ.

ಅಷ್ಟರಲ್ಲಿ ಕಿರೀಟ ಜಾರಿ ಬಡಗಿಯ ಮೂಗಿಗೆ ಸಿಕ್ಕಿಕೊಂಡಿತು. ಪಾದ್ರಿಯೂ ಗೊಳ್ಳೆಂದು ನಕ್ಕರು. ಮರುಕ್ಷಣವೇ ಬಾಯಿಗೆ ಕೈ ಅಡ್ಡ ಹಿಡಿದು, ಗೋಡೆಯ ಶಿಲುಬೆಯತ್ತ ನೋಡಿ ಮೆಲ್ಲನೆ ಅಂದರು, "ಸರಿ, ನೀನೇ ಮಾಡು ಮಾರಾಯ."

ಈಗಲೂ ಅವನು ಬಸ್ ನಿಲ್ದಾಣದ ಎದುರು ಕ್ಷೌರದಂಗಡಿ ನಡೆಸುತ್ತಾನೆ, ಪ್ರತಿವರ್ಷ ಸೈನಿಕನ ಪಾತ್ರ ಮಾಡುತ್ತಾನೆ.