ಭತ್ತದ ಹೊಟ್ಟಿನ ಬೆಳಕು

ಕಬಡ್ಡಿ ಆಡುವಾಗ ನನ್ನ ಮಗಳ ಮುಖ ಹೇಗಿರುತ್ತದೆ ಎಂದು ನನಗೆ ಬಹಳ ದಿನ ಗೊತ್ತೇ ಇರಲಿಲ್ಲ. ಹೆತ್ತವಳು ನಾನು. ಅದರ ಮೇಲೆ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಸ್ಟುಡಿಯೊ ಇಟ್ಟುಕೊಂಡವಳು, ಪೇಟೆಯ ಅರ್ಧ ಮದುಮಕ್ಕಳ ಮುಖ ನನ್ನ ಕಂಪ್ಯೂಟರಿನಲ್ಲಿದೆ. ಆದರೆ ರಾತ್ರಿ ಪಂದ್ಯಗಳಲ್ಲಿ ತೆಗೆದ ರಾಶಿ ಚಿತ್ರಗಳಲ್ಲಿ ಇವಳ ಕತ್ತಿನ ಮೇಲೆ ಇದ್ದದ್ದು ಒಂದು ಕಪ್ಪು ಗುಂಡು. ಜರ್ಸಿಯ ನಂಬರು ಕಾಣುತ್ತದೆ, ಮೊಣಕಾಲಿನ ಪಟ್ಟಿ ಕಾಣುತ್ತದೆ, ಮುಖ ಮಾತ್ರ ನಾಪತ್ತೆ.

"ಊರ ಮಂದಿ ಮದುವಿ ಫೋಟೊ ಎಷ್ಟು ಚಂದ ತೆಗೀತಿ, ನನ್ನ ಮಾರಿ ಮಾತ್ರ ಇದ್ದಲಿ ಮಾಡಿ ಇಡ್ತಿ" ಎಂದು ಅವಳು ಕೊಂಕು ತೆಗೆಯುತ್ತಿದ್ದಳು.

"ಮದುಮಗಳು ನಿಂದ್ರು ಅಂದ್ರ ನಿಂದಿರ್ತಾಳ. ನೀನು ನಿಂದಿರ್ತೀಯೇನು?" ಎಂದು ನಾನೂ ಬಿಡುತ್ತಿರಲಿಲ್ಲ.

ಬಾಯಿಗೆ ಹಾಗೆ ಬಂದರೂ ನನಗೆ ಅದು ತಲೆ ಕೊರೆಯುವ ವಿಷಯವೇ ಆಗಿತ್ತು. ಬಳ್ಳಾರಿಯ ಮೈದಾನದಲ್ಲಿ ನಾಲ್ಕು ಮೂಲೆಗೆ ನಾಲ್ಕು ಕಂಬ, ನೆತ್ತಿಯ ಮೇಲಿಂದ ಸುರಿಯುವ ಬೆಳಕು. ಆಟಗಾರ್ತಿ ಬಗ್ಗಿದರೆ ಹಣೆಯ ನೆರಳು ಕಣ್ಣಿನ ಮೇಲೆ, ಕಣ್ಣಿನ ನೆರಳು ಕೆನ್ನೆಯ ಮೇಲೆ. ಕಬಡ್ಡಿಯಲ್ಲಿ ಬಗ್ಗದೆ ನಿಲ್ಲುವವರು ಅಂಪೈರ್ ಒಬ್ಬರೇ. ಅವರ ಚಿತ್ರ ಮಾತ್ರ ಭರ್ಜರಿಯಾಗಿ ಬರುತ್ತಿತ್ತು. ಆ ದೀಪಗಳೋ, ನಮ್ಮ ಕಣ್ಣಿಗೆ ತಿಳಿಯದಂತೆ ಮಿಟುಕುತ್ತಲೇ ಇರುತ್ತವೆ. ಒಂದೇ ಉಸಿರಿನಲ್ಲಿ ಒತ್ತಿದ ಮೂರು ಫ್ರೇಮಿನಲ್ಲಿ ಒಂದು ಹಳದಿ, ಒಂದು ನೀಲಿ, ಇನ್ನೊಂದು ಅರ್ಧಕ್ಕೇ ಆರಿಹೋದದ್ದು. ಇದು ಯಾಕೆ ಹೀಗೆ ಎಂದು ನೋಡುತ್ತ ಕೂತರೆ ನನಗೆ ಪಂದ್ಯದ ಅಂಕವೂ ಮರೆತುಹೋಗುತ್ತಿತ್ತು.

ಹೇಗಾದರೂ ಮುಖ ತೆಗೆಯಲೇಬೇಕು ಎಂಬ ಹಟ ಹುಟ್ಟಿದ್ದು ಕೋಚ್ ಮೇಡಂ ಆಡಿದ ಮಾತಿನಿಂದ. ಎದುರಾಳಿಯ ಅಂಗಳಕ್ಕೆ ನುಗ್ಗಿ ಯಾರನ್ನಾದರೂ ಮುಟ್ಟಿ ಬರುವ ರೇಡಿನ ಕೆಲಸ ನನ್ನ ಮಗಳದು. ಬೇರೆ ಯಾವ ತಂಡ ಬಂದರೂ ಮುಟ್ಟಿ ಬರುತ್ತಿದ್ದಳು. ಸಿರುಗುಪ್ಪದ ಹುಡುಗಿಯರು ಎದುರಾದರೆ ಮಾತ್ರ ಸಿಕ್ಕಿಬೀಳುತ್ತಿದ್ದಳು. ಇವಳು ಎಡಕ್ಕೆ ತಿರುಗುವ ಮೊದಲೇ ಅವರು ಎಡಕ್ಕೆ ಸರಿದು ಕಾಯುತ್ತಿದ್ದರು. ಅವರಲ್ಲಿ ಮೂಲೆ ಕಾಯುವ ಎರಡು ಜಡೆಯ ಹುಡುಗಿಯೊಬ್ಬಳು, ಕೊಡದ ಕಂಠಕ್ಕೆ ಕೈ ಹಾಕಿದಂತೆ ಇವಳ ಕಾಲ ಹರಡಿಗೆ ಕೈ ಹಾಕಿಬಿಡುತ್ತಿದ್ದಳು.

"ಎತ್ಲಾಗ ಹೊಕ್ಕೀನಿ ಅನ್ನೂದು ನಿನ್ನ ಮಾರಿ ಮ್ಯಾಲ ಬರದಿರ್ತೈತಿ. ಅದನ್ನ ಓದಿ ಹಿಡೀತಾರ ಅವರು" ಎಂದರು ಮೇಡಂ. "ಕುರುಗೋಡಿನಾಗ ಮತ್ತ ಅವರ ಜೋಡಿನ ಮ್ಯಾಚ್ ಐತಿ. ಅಲ್ಲೂ ಹಿಂಗ ಆದ್ರ ರೇಡಿಗೆ ಬ್ಯಾರೆಯಾಕಿನ್ನ ಕಳಸ್ತೀನಿ."

ರೇಡು ಬಿಟ್ಟರೆ ಇವಳಿಗೆ ಕಬಡ್ಡಿಯೇ ಇಲ್ಲ. ಆವತ್ತು ಊಟ ಬಿಟ್ಟಳು. ಮರುದಿನ ಕನ್ನಡಿ ಮುಂದೆ ಕುಪ್ಪಳಿಸಿ ನೋಡಿಕೊಂಡಳು. ಕನ್ನಡಿ ಮುಂದಿನ ಮುಖ ಮೈದಾನದ ಮುಖ ಆಗುವುದುಂಟೇ? ಕೊನೆಗೆ ನನ್ನ ಬಳಿಯೇ ಬಂದಳು. "ನನ್ನ ಮಾರಿ ನನಗ ತೋರ್ಸು ಅವ್ವಾ. ಏನು ಬಿಟ್ಟುಕೊಡಾಕತ್ತೀನಿ ಅನ್ನೂದರ ಗೊತ್ತಾಗ್ಲಿ" ಎಂದಾಗ ಅವಳ ದನಿಯಲ್ಲಿ ಕೊಂಕು ಇರಲಿಲ್ಲ.

ಫ್ಲ್ಯಾಶ್ ಹಾಕುವಂತಿಲ್ಲ, ಆಡುವವರ ಕಣ್ಣು ಕುಕ್ಕುತ್ತದೆ. ಮಬ್ಬಿನಲ್ಲಿ ಕ್ಯಾಮೆರಾ ತಾನೇ ಫೋಕಸ್ ಹುಡುಕುತ್ತ ಹಿಂದೆ ಮುಂದೆ ಆಡುತ್ತದೆ, ಅದು ನಿಲ್ಲುವಷ್ಟರಲ್ಲಿ ರೇಡೇ ಮುಗಿದಿರುತ್ತದೆ. ಹಾಗಾಗಿ ನಾನು ಮೊದಲಿನಿಂದಲೂ ಒಂದು ದಾರಿ ಕಂಡುಕೊಂಡಿದ್ದೆ. ಬಲಕ್ಕೆ ಹೋಗುವುದಿದ್ದರೆ ಮಗಳು ಹೊರಡುವ ಮೊದಲು ಬಲದೊಡೆಗೆ ಅಂಗೈ ಒರೆಸಿಕೊಳ್ಳುತ್ತಾಳೆ, ಎಡಕ್ಕಾದರೆ ಎಡದೊಡೆಗೆ. ಚಿಕ್ಕವಳಿದ್ದಾಗ ಕುಂಟೆಬಿಲ್ಲೆ ಆಡುವಾಗಿನ ಅಭ್ಯಾಸ ಅದು. ಅವಳಿಗೂ ಗೊತ್ತಿಲ್ಲ, ಇನ್ನೊಬ್ಬರಿಗಂತೂ ಕಾಣುವಂಥದ್ದಲ್ಲ. ಅದನ್ನು ನೋಡಿದ್ದೇ ನಾನು ಆ ಬದಿಯ ಗೆರೆಯ ಹೊರಗೆ ಓಡಿ, ಮಂಡಿಯೂರಿ, ಅವಳು ಬರುವ ಜಾಗಕ್ಕೆ ಕೈಯಿಂದಲೇ ಫೋಕಸ್ ಇಟ್ಟು ಕಾಯುತ್ತಿದ್ದೆ. ಬೆಳಕು ಕೆಟ್ಟಷ್ಟೂ ಮೊದಲೇ ಹೋಗಿ ಕೂರಬೇಕು. ಈ ಜಾಣತನದ ಬಗ್ಗೆ ನನಗೆ ಒಳಗೊಳಗೇ ಜಂಬವೂ ಇತ್ತು.

ಕುರುಗೋಡಿಗಿಂತ ಮೊದಲು ಸಿರುಗುಪ್ಪದಲ್ಲೇ ಒಂದು ಪಂದ್ಯ ಬಂತು. ಸುತ್ತ ಭತ್ತದ ಗದ್ದೆ, ದೀಪ ಹಾಕಿದ್ದೇ ತಡ ಹಸಿರು ಹುಳಗಳ ದಂಡು. ಸಂಘಟಕರು ದೂರದಲ್ಲಿ ನೀರು ತುಂಬಿದ ಬೋಗುಣಿಯ ಮೇಲೆ ಬೇರೆ ಬಲ್ಬು ಕಟ್ಟಿ ಹುಳಗಳನ್ನು ಅತ್ತ ಕರೆದಿದ್ದರು. ಆದರೂ ಕಬಡ್ಡಿ ಕಬಡ್ಡಿ ಎನ್ನುತ್ತ ಬಾಯಿ ತೆರೆದವರಿಗೆ ಒಂದೆರಡು ಹುಳ ಪ್ರಸಾದ ಆಗುತ್ತಿತ್ತು. ನಾನು ಲೆನ್ಸ್ ಒರೆಸಿ ಒರೆಸಿ ಸಾಕಾಗಿ, ಮೊದಲ ರೇಡಿನ ಚಿತ್ರ ನೋಡಿದರೆ ನಂಬಲಾಗಲಿಲ್ಲ. ಮುಖ ಇತ್ತು! ಕಣ್ಣು, ಮೂಗು, ಕೆನ್ನೆಯ ಮೊಡವೆ ಸಮೇತ ನನ್ನ ಮಗಳ ಮುಖ.

ಕಂಬ ಅವೇ ನಾಲ್ಕು, ದೀಪ ಬಳ್ಳಾರಿಯಿಂದ ಬಾಡಿಗೆಗೆ ತಂದವೇ, ಕ್ಯಾಮೆರಾ ನನ್ನದೇ ಹಳೆಯದು. ಹಾಗಾದರೆ ಈ ಬೆಳಕು ಎಲ್ಲಿಂದ ಬಂತು? ಕುತೂಹಲ ತಡೆಯದೆ ಎದ್ದು ಕಂಬ ನೋಡಿದೆ, ಆಕಾಶ ನೋಡಿದೆ, ಕೊನೆಗೆ ಕೈ ಚಾಚಿ ಅಂಗೈ ಕೆಳಗೆ ಮಾಡಿದೆ. ಅಂಗೈ ತಿಳಿಹೊನ್ನಾಗಿ ಬೆಳಗಿತು. ಆಗ ನೆಲ ನೋಡಿದೆ. ಬಿದ್ದರೆ ಪೆಟ್ಟಾಗಬಾರದೆಂದು ಅಂಗಳದ ತುಂಬ ರೈಸ್ ಮಿಲ್ಲಿನ ಭತ್ತದ ಹೊಟ್ಟು ಹರವಿ, ಅದರ ಮೇಲೆ ಬಿಳಿ ಪಟ್ಟಿ ಬಿಗಿದು ಗೆರೆ ಮಾಡಿದ್ದರು. ಬಳ್ಳಾರಿಯಲ್ಲಿ ನೀರು ಚಿಮುಕಿಸಿದ ಎರೆಮಣ್ಣು ಬಿದ್ದ ಬೆಳಕನ್ನೆಲ್ಲ ನುಂಗುತ್ತಿತ್ತು, ಇಲ್ಲಿ ಹೊಟ್ಟು ಅದನ್ನು ವಾಪಸು ಮೇಲಕ್ಕೆ ಎಸೆಯುತ್ತಿತ್ತು. ಸ್ಟುಡಿಯೊದಲ್ಲಿ ಮದುಮಗಳ ಗಲ್ಲದ ಕೆಳಗೆ ಬಿಳಿ ಥರ್ಮಾಕೋಲು ಹಿಡಿಯುವವಳು ನಾನೇ ಅಲ್ಲವೇ! ನನಗೆ ನಾನೇ ಬೈದುಕೊಂಡು, ಆ ಸಂತೋಷದಲ್ಲಿ ಬೆರಳು ನೋಯುವಷ್ಟು ಚಿತ್ರ ತೆಗೆದೆ.

ಮಗಳು ಮಾತ್ರ ಆವತ್ತೂ ಸಿಕ್ಕಿಬಿದ್ದಳು. ಮರುದಿನ ಸ್ಟುಡಿಯೊದಲ್ಲಿ ಇಬ್ಬರೂ ಕೂತು ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದೆವು. ಅವಳ ಮುಖದಲ್ಲಿ ಓದುವಂಥದ್ದು ಏನೂ ಇರಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೂತವಳ ಮುಖ. ಎಡಕ್ಕೆ ಹೋದಾಗಲೂ ಅದೇ, ಬಲಕ್ಕೆ ಹೋದಾಗಲೂ ಅದೇ.

"ಮತ್ತ ಹೆಂಗ ಹಿಡೀತಾರ?" ಎನ್ನುತ್ತ ಅವಳು ಪರದೆಯ ಹತ್ತಿರ ಬಾಗಿದಳು. ಆಮೇಲೆ ಅವಳ ಬೆರಳು ತನ್ನ ಮುಖ ಬಿಟ್ಟು ಹಿಂದೆ ಸರಿಯಿತು. "ಅವ್ವಾ, ಇವರು ಯಾರನ್ನ ನೋಡಾಕತ್ಯಾರ?"

ಅವಳ ಹಿಂದೆ ಸಾಲಾಗಿ ನಿಂತ ಸಿರುಗುಪ್ಪದ ಹುಡುಗಿಯರ ಮುಖಗಳೂ ಹೊಟ್ಟಿನ ಬೆಳಕಿನಲ್ಲಿ ಬೆಳಗಿದ್ದವು. ಒಬ್ಬಳ ಕಣ್ಣೂ ನನ್ನ ಮಗಳ ಮೇಲಿರಲಿಲ್ಲ. ಎಲ್ಲರೂ ನೇರ ಲೆನ್ಸನ್ನೇ ನೋಡುತ್ತಿದ್ದರು. ಅದಕ್ಕಿಂತ ಮೊದಲು, ಇವಳಿನ್ನೂ ನಡುಗೆರೆ ದಾಟುವ ಮುಂಚೆ, ಫೋಕಸ್ ಸರಿಯಿದೆಯೇ ಎಂದು ನಾನು ಒತ್ತಿ ನೋಡಿದ ಫ್ರೇಮಿನಲ್ಲೂ ಎರಡು ಜಡೆಯವಳು ನನ್ನನ್ನೇ ನೋಡುತ್ತಿದ್ದಳು. ಮದುವೆ ಮನೆಯಲ್ಲಿ ಇಲ್ಲಿ ನೋಡ್ರಿ, ಇಲ್ಲಿ ನೋಡ್ರಿ ಎಂದು ಗಂಟಲು ಹರಿದುಕೊಂಡರೂ ಅಷ್ಟು ಜನ ಒಟ್ಟಿಗೆ ನನ್ನತ್ತ ನೋಡಿದ್ದಿಲ್ಲ. ಅವರು ಓದುತ್ತಿದ್ದದ್ದು ನನ್ನ ಓಟವನ್ನು.

ನನ್ನ ಕಿವಿ ಬಿಸಿಯಾಯಿತು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕುರುಗೋಡಿನಾಗ ಬೇಕಂತ ತಪ್ಪು ಬದಿಗೆ ಹೋಗಿ ಕುಂದರ್ಲೇನು?" ಎಂದು ನಾನು ಕೇಳಿದೆ. ಸುಳ್ಳು ಯಾಕೆ, ನನಗೆ ಆಸೆಯೇ ಆಗಿತ್ತು.

"ಬ್ಯಾಡ. ನೀನು ಗೆಲ್ಸಿದಂಗ ಆಗತೈತಿ" ಎಂದಳು. ಆಮೇಲೆ, "ಬಾ, ಆದ್ರ ಕ್ಯಾಮೆರಾ ಬಿಟ್ಟು ಬಾ" ಎಂದಳು. ನ್ಯಾಯದ ಮಾತೇ. ಆದರೂ ನನಗೆ ಬಹಳ ಬೇಜಾರಾಯಿತು.

ಕುರುಗೋಡಿನಲ್ಲಿ ಹಿಂದಿನ ಸಾಲಿನ ಹೆಂಗಸರ ನಡುವೆ ಹೋಗಿ ಕೂತೆ. ಕೆಂಪು ಮಣ್ಣು, ಗುಡ್ಡದ ಬಂಡೆಯ ಮೇಲೆಲ್ಲ ಚೆಲ್ಲಿ ಹಾಳಾಗುವ ಬೆಳಕು. ಏನು ಮಾಡಿದರೆ ಇಲ್ಲಿ ಮುಖ ಸಿಕ್ಕೀತು ಎಂದು ತಲೆ ತನ್ನಷ್ಟಕ್ಕೆ ಲೆಕ್ಕ ಹಾಕತೊಡಗಿತು. ಮಗಳು ಎಡದೊಡೆಗೆ ಅಂಗೈ ಒರೆಸಿದಳು. ನನ್ನ ಕಾಲು ತಾನಾಗಿಯೇ ಎದ್ದಿತು, ಪಕ್ಕದವರು ಸೆರಗು ಹಿಡಿದು "ಕುಂದರ್ರಿ, ಕಾಣವಲ್ದು" ಎಂದರು. ಅಂಗಳದಲ್ಲಿ ಎರಡು ಜಡೆಯವಳು ಎಡಗೆರೆ ನೋಡಿದಳು, ಬಲಗೆರೆ ನೋಡಿದಳು, ನಾನೆಲ್ಲೂ ಕಾಣದೆ ಕತ್ತು ಹೊರಳಿಸಿ ಹಿಂದೆ ನೋಡಿದಳು. ಅಷ್ಟರಲ್ಲಿ ನನ್ನ ಮಗಳು ಅವಳ ಹೆಗಲು ಮುಟ್ಟಿ ಗೆರೆ ದಾಟಿ ಬಂದಿದ್ದಳು.

ಔಟಾದವಳು ಹೊರಗೆ ಬಂದು ಕೂತರೂ ಹುಡುಕುವುದನ್ನು ಬಿಡಲಿಲ್ಲ. ಜನರ ಮುಖಗಳನ್ನು ಒಂದೊಂದಾಗಿ ದಾಟಿ ಬಂದು ಅವಳ ಕಣ್ಣು ನನ್ನ ಮೇಲೆ ನಿಂತಿತು. ಗೆಳತಿಯರನ್ನು ಕೂಗಿ ನನ್ನತ್ತ ಕೈ ತೋರಿಸಿದಳು. ಅದೇ ಹೊತ್ತಿಗೆ ರೇಡಿನ ಸರದಿ ನಮ್ಮ ತಂಡಕ್ಕೆ ಬಂದು, ಕೋಚ್ ಮೇಡಂ ನನ್ನ ಮಗಳಿಗೇ ಮತ್ತೆ ಹೋಗು ಎಂದು ಸನ್ನೆ ಮಾಡಿದರು. ಅವಳ ಕೈ ತೊಡೆಯ ಕಡೆ ಇಳಿಯುತ್ತಿತ್ತು. ಅದು ಯಾವ ತೊಡೆ ಎಂದು ಕಾಣುವ ಮೊದಲೇ ನಾನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡೆ. ಅವಳು ಮುಟ್ಟಿ ಬಂದದ್ದು ನನಗೆ ಜನರ ಕೂಗಿನಿಂದ ಗೊತ್ತಾಯಿತು.